ಕೈತೋಟವೂ ರಕೂನೂ

ಉತ್ತರ ಅಮೆರಿಕದಲ್ಲಿ ಮನೆಯ ಹಿತ್ತಿಲಿನಲ್ಲಿ ತರಕಾರಿ ಬೆಳೆಯುವವರಿಗೆ ಬೇಸಗೆಯ ಕೊನೆಯಲ್ಲಿ ಒದಗುವ ಒಂದು ವಿಶಿಷ್ಟವಾದ ದುಃಖವುಂಟು. ಮೇ ತಿಂಗಳಿನಲ್ಲಿ ಬಿತ್ತಿದ ಸಿಹಿ ಮುಸುಕಿನ ಜೋಳವು ಆಗಸ್ಟ್ ತಿಂಗಳ ಹೊತ್ತಿಗೆ ಆಳೆತ್ತರ ಬೆಳೆದು, ತೆನೆ ಕಟ್ಟಿ, ಕಾಳಿನಲ್ಲಿ ಹಾಲು ತುಂಬಿ ನಿಂತಿರುತ್ತದೆ. ಇನ್ನೆರಡು ದಿನಗಳಲ್ಲಿ ಕೊಯ್ಯಬಹುದೆಂದು ಮನೆಯವರು ಎಣಿಸಿರುತ್ತಾರೆ. ಅಷ್ಟರಲ್ಲಿ ಒಂದು ಬೆಳಗ್ಗೆ ನೋಡಿದರೆ ದಂಟುಗಳು ಮುರಿದು ನೆಲಕ್ಕೊರಗಿವೆ. ತೆನೆಗಳ ಮುಸುಕನ್ನು ಸೀಳಿ, ನಾಲ್ಕು ಬಾಯಿ ಕಡಿದು, ಉಳಿದುದನ್ನು ಎಸೆದು ಹೋಗಲಾಗಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಕೆಲಸ ಮಾಡಿದ ಪ್ರಾಣಿಯ ಹೆಸರು ರಕೂನು. ಭಾರತದ ಕಾಡುಗಳಲ್ಲಿ ಇದು ಇಲ್ಲ. ಆದರೆ ಅಮೆರಿಕ ಮತ್ತು ಕೆನಡಗಳಲ್ಲಿ ನೆಲೆಸಿ, ಹಿತ್ತಿಲಿನಲ್ಲಿ ಬದನೆ, ಹೀರೆ, ಅವರೆ, ಮೆಂತ್ಯದ ಸೊಪ್ಪುಗಳನ್ನು ಬೆಳೆದುಕೊಳ್ಳುತ್ತಿರುವ ಕನ್ನಡಿಗರಿಗೆ ಇದು ಚಿರಪರಿಚಿತ. ಅಲ್ಲಿಗೆ ಎಂದೂ ಹೋಗದ ವಾಚಕರಿಗೂ ಈ ಪ್ರಾಣಿಯ ವಿಷಯ ಪ್ರಯೋಜನಕರವೇ. ಏಕೆಂದರೆ ಒಂದು ಕಾಡುಪ್ರಾಣಿಯಿಂದ ಬೆಳೆಯನ್ನು ಕಾಯಬೇಕಾದರೆ ಮೊದಲು ಅದರ ದೇಹವನ್ನೂ ಅಭ್ಯಾಸವನ್ನೂ ಅರಿಯಬೇಕೆಂಬ ತತ್ತ್ವಕ್ಕೆ ರಕೂನಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಆದುದರಿಂದ ಮೊದಲು ಪ್ರಾಣಿಯನ್ನು ಪರಿಚಯ ಮಾಡಿಕೊಂಡು, ಅನಂತರ ಬೇಲಿಯ ವಿಷಯಕ್ಕೆ ಬರೋಣ.

ಪ್ರಾಣಿಯ ಪರಿಚಯ

ರಕೂನು ದೊಡ್ಡ ಬೆಕ್ಕಿನಷ್ಟು ಗಾತ್ರದ, ಆದರೆ ಬೆಕ್ಕಿಗಿಂತ ದಪ್ಪನಾದ ಪ್ರಾಣಿ. ಮೈಬಣ್ಣ ಬೂದು. ಕಣ್ಣುಗಳ ಸುತ್ತ ಕಪ್ಪು ಪಟ್ಟಿಯೊಂದಿದ್ದು, ಮುಖಕ್ಕೆ ಮುಸುಕು ಹಾಕಿಕೊಂಡ ಕಳ್ಳನಂತೆ ಕಾಣುತ್ತದೆ. ಪೊದೆಯಂತಹ ಬಾಲದಲ್ಲಿ ಒಂದಾದಮೇಲೊಂದರಂತೆ ಕಪ್ಪು ಉಂಗುರಗಳಿರುತ್ತವೆ. ದಕ್ಷಿಣ ಕೆನಡದಿಂದ ಪನಾಮದವರೆಗೆ ಇದರ ಸಹಜ ವಾಸಸ್ಥಾನ.

1758ರಲ್ಲಿ ಲಿನೇಯಸನು ಇದನ್ನು ಕರಡಿಗಳ ಗುಂಪಿಗೆ ಸೇರಿಸಿ ‘ಉರ್ಸಸ್ ಲೋಟರ್’ ಎಂದು ಹೆಸರಿಟ್ಟನು. ಲೋಟರ್ ಎಂದರೆ ತೊಳೆಯುವವನು ಎಂದರ್ಥ. ಇದು ಕರಡಿಯಲ್ಲವೆಂದು ಮುಂದೆ ತಿಳಿದುಬಂದು, ‘ಪ್ರೋಸಿಯಾನ್ ಲೋಟರ್’ ಎಂಬ ಈಗಿನ ಹೆಸರು ಬಂದಿತು. ರಕೂನು ಎಂಬ ಮಾತೇ ಅಮೆರಿಕದ ಮೂಲನಿವಾಸಿಗಳಾದ ಪೊವ್ಹಾಟನರ ಭಾಷೆಯಿಂದ ಇಂಗ್ಲಿಷಿಗೆ ಬಂದುದು; ಕೈಗಳಿಂದ ಉಜ್ಜುವುದು, ಕೆರೆಯುವುದು ಎಂಬ ಭಾವ ಅದರಲ್ಲಿದೆ. ಹೀಗೆ ಯೂರೋಪಿನ ಪಂಡಿತನೂ ಅಮೆರಿಕದ ಬೇಡನೂ ಈ ಪ್ರಾಣಿಯಲ್ಲಿ ಮೊದಲು ಗಮನಿಸಿದ್ದು ಒಂದೇ ಅಂಗವನ್ನು, ಎಂದರೆ ಅದರ ಕೈಯನ್ನು.

ರಕೂನು ಏನನ್ನು ತಿನ್ನುವುದಿಲ್ಲವೆಂದು ಹೇಳುವುದೇ ಕಷ್ಟ. ಏಡಿ, ಕಪ್ಪೆ, ಮೀನು, ಹುಳು, ಹಕ್ಕಿಯ ಮೊಟ್ಟೆ, ಕಾಡಿನ ಹಣ್ಣು, ಓಕ್ ಮರದ ಬೀಜ, ಮನೆಯವರು ಎಸೆದ ಎಂಜಲು ಎಲ್ಲವೂ ಅದಕ್ಕೆ ಆಹಾರವೇ. ಮರವನ್ನು ಹತ್ತುವುದರಲ್ಲಿ ನಿಪುಣ. ಹಿಂಗಾಲಿನ ಪಾದಗಳನ್ನು ಹಿಂದುಮುಂದಾಗಿ ತಿರುಗಿಸಬಲ್ಲುದಾದುದರಿಂದ ತಲೆ ಕೆಳಗಾಗಿಯೂ ಮರದಿಂದ ಇಳಿಯುತ್ತದೆ. ಈಜುತ್ತದೆ, ನೆಲವನ್ನು ಕೆರೆಯುತ್ತದೆ. ಟೊಳ್ಳುಮರ, ಕಲ್ಲಿನ ಸಂದು, ಮೋರಿಯ ಕೊಳವೆ, ಮನೆಯ ಅಟ್ಟ, ಹೊಗೆಗೂಡು ಇವುಗಳಲ್ಲಿ ಯಾವುದಾದರೂ ಅದಕ್ಕೆ ಮನೆಯಾದೀತು. ಹಗಲೆಲ್ಲ ಮಲಗಿದ್ದು ಕತ್ತಲಾದ ಮೇಲೆ ಹೊರಡುವುದು ಅದರ ಕ್ರಮ.

ಕೈಯೇ ಕಣ್ಣು

ರಕೂನಿನ ಮುಂಗಾಲಿನಲ್ಲಿ ಐದು ಬೆರಳುಗಳಿವೆ. ನಮ್ಮ ಹೆಬ್ಬೆರಳಿನಂತೆ ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲುವ ಬೆರಳು ಇಲ್ಲವಾದರೂ, ಎರಡು ಕೈಗಳನ್ನೂ ಸೇರಿಸಿ ಅದು ಮಾಡುವ ಕೆಲಸಗಳು ಆಶ್ಚರ್ಯಕರವಾಗಿವೆ. ಅಂಗೈಯ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ನರತುದಿಗಳು ದಟ್ಟವಾಗಿ ತುಂಬಿವೆ. ಉಗುರುಗಳ ಬುಡದಲ್ಲಿ ಮೀಸೆಯಂತಹ ಸೂಕ್ಷ್ಮರೋಮಗಳಿದ್ದು, ವಸ್ತುವನ್ನು ಮುಟ್ಟುವ ಮುನ್ನವೇ ಅದರ ಸುಳಿವನ್ನು ಕೊಡುತ್ತವೆ. 1959ರಲ್ಲಿ ವೆಲ್ಕರ್ ಮತ್ತು ಸೈಡನ್‌ಸ್ಟೈನ್ ಎಂಬ ವಿಜ್ಞಾನಿಗಳು ರಕೂನಿನ ಮಿದುಳಿನಲ್ಲಿ ಸ್ಪರ್ಶಜ್ಞಾನದ ಭಾಗವನ್ನು ನಕ್ಷೆಯಂತೆ ಗುರುತಿಸಿದಾಗ, ಮುಂಗೈಗಳಿಗೆ ಮೀಸಲಾದ ಪ್ರದೇಶವು ಬಹು ವಿಸ್ತಾರವಾಗಿರುವುದು ಕಂಡುಬಂದಿತು. ಬೇರೆ ಬೇರೆ ಬೆರಳುಗಳಿಗೂ ಅಂಗೈಯ ಮೆತ್ತೆಗಳಿಗೂ ಅಲ್ಲಿ ಪ್ರತ್ಯೇಕ ಸ್ಥಾನಗಳಿವೆ. ನಾಯಿಗೆ ಮೂಗು ಹೇಗೋ, ಹದ್ದಿಗೆ ಕಣ್ಣು ಹೇಗೋ, ರಕೂನಿಗೆ ಕೈ ಹಾಗೆ.

ರಕೂನು ಆಹಾರವನ್ನು ತೊಳೆದು ತಿನ್ನುತ್ತದೆಯೆಂಬ ಪ್ರತೀತಿ ಹಳೆಯದು. ಇದು ಶುಚಿತ್ವದ ಅಭ್ಯಾಸವಲ್ಲ. ಹಳ್ಳದ ನೀರಿನಲ್ಲಿ ಕಲ್ಲುಗಳ ಕೆಳಗೆ ಕೈಯಾಡಿಸಿ ಏಡಿ ಹಿಡಿಯುವುದು ಈ ಪ್ರಾಣಿಯ ಸಹಜವೃತ್ತಿ. ಬೋನಿನಲ್ಲಿಟ್ಟ ರಕೂನು ಅದೇ ಚಲನೆಗಳನ್ನು ನೀರಿನ ಬಟ್ಟಲಿನಲ್ಲಿ ಮಾಡುತ್ತದೆ. ನೋಡುವವರಿಗೆ ಅದು ತೊಳೆಯುವಂತೆ ತೋರುತ್ತದೆ. ನೀರಿನಲ್ಲಿ ನೆನೆದಾಗ ಅಂಗೈಯ ಚರ್ಮ ಮೆದುವಾಗಿ ಸ್ಪರ್ಶಜ್ಞಾನ ಇನ್ನೂ ಹರಿತವಾಗುವುದೆಂದೂ ತಿಳಿದುಬಂದಿದೆ.

ಇಂತಹ ಕೈಗಳ ಹಿಂದೆ ಚುರುಕಾದ ಬುದ್ಧಿಯೂ ಇದೆ. 1907ರಲ್ಲಿ ಎಚ್. ಬಿ. ಡೇವಿಸ್ ಎಂಬಾತನು ರಕೂನುಗಳಿಗೆ 13 ಬಗೆಯ ಅಗುಳಿ, ಕೊಂಡಿ, ಗುಂಡಿಗಳಿಂದ ಮುಚ್ಚಿದ ಪೆಟ್ಟಿಗೆಗಳನ್ನು ಕೊಟ್ಟು ಪರೀಕ್ಷಿಸಿದನು. ಅವುಗಳಲ್ಲಿ 11ನ್ನು ಅವು ಹತ್ತಕ್ಕಿಂತ ಕಡಮೆ ಪ್ರಯತ್ನಗಳಲ್ಲಿ ತೆರೆದುವು. ಅಗುಳಿಯನ್ನು ತಲೆಕೆಳಗು ಮಾಡಿದರೂ ಅವು ಹೆಚ್ಚಾಗಿ ತಬ್ಬಿಬ್ಬಾಗಲಿಲ್ಲ. ಒಮ್ಮೆ ಕಲಿತ ಉಪಾಯವನ್ನು ರಕೂನು ಬಹುಕಾಲ ನೆನಪಿನಲ್ಲಿಡುತ್ತದೆ. ಕೆನಡದ ಟೊರಾಂಟೊ ನಗರದ ಆಡಳಿತವು 2016ರಲ್ಲಿ ಅಡಿಗೆಮನೆಯ ಕಸಕ್ಕಾಗಿ ಮನೆಮನೆಗೂ ಹೊಸ ತೊಟ್ಟಿಗಳನ್ನು ಹಂಚಿದಾಗ, ರಕೂನಿನ ಕೈಗೆ ಎಟುಕದಂತೆ ತಿರುಗಿಸುವ ಕೀಲನ್ನೇ ಅವುಗಳಿಗೆ ಅಳವಡಿಸಬೇಕಾಯಿತು. ತೋಟದ ಬಾಗಿಲಿಗೆ ಸಾಮಾನ್ಯವಾದ ಚಿಲಕ ಹಾಕಿ ನಿಶ್ಚಿಂತರಾಗುವವರು ಈ ಸಂಗತಿಗಳನ್ನು ನೆನೆಯಬೇಕು.

ಕೊಯ್ಲಿನ ಕಾಲಕ್ಕೇ ಬರುವುದೇಕೆ?

ವರ್ಷವೆಲ್ಲ ಸುಮ್ಮನಿದ್ದ ಪ್ರಾಣಿ ತೆನೆ ಹದಕ್ಕೆ ಬಂದ ವಾರದಲ್ಲೇ ಲಗ್ಗೆಯಿಡುವುದನ್ನು ಕಂಡು, ಅದು ಪಂಚಾಂಗ ನೋಡಿಕೊಂಡು ಬರುತ್ತದೆಯೇ ಎಂದು ತೋಟಗಾರರು ಬೆರಗಾಗುವುದುಂಟು. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಜೋಳದ ಗುಣ. ತೆನೆಯ ತುದಿಯಲ್ಲಿ ರೇಷ್ಮೆಯಂತಹ ಕೂದಲು ಹೊರಬಂದ ಸುಮಾರು 20 ದಿನಗಳಿಗೆ ಕಾಳಿನಲ್ಲಿ ಹಾಲು ತುಂಬುತ್ತದೆ. ಆಗ ಅದರಲ್ಲಿ ಸಕ್ಕರೆ ಹೇರಳ. ಮುಂದೆ ಅದೇ ಸಕ್ಕರೆ ಪಿಷ್ಟವಾಗಿ ಮಾರ್ಪಟ್ಟು ಕಾಳು ಗಟ್ಟಿಯಾಗುತ್ತದೆ. ನಾವು ಸಿಹಿಯೆಂದು ಕೊಯ್ಯುವ ಹದವೂ ರಕೂನು ಬಯಸುವ ಹದವೂ ಒಂದೇ. ಅದರ ಮೂಗು ಮತ್ತು ನಾಲಗೆಗಳು ನಮಗಿಂತ ಒಂದು ದಿನ ಮುಂದಾಗಿರುತ್ತವೆ, ಅಷ್ಟೇ.

ಎರಡನೆಯದು ಸಂಸಾರ. ರಕೂನುಗಳು ಚಳಿಗಾಲದ ಕೊನೆಯಲ್ಲಿ ಕೂಡುತ್ತವೆ. ಸುಮಾರು 63 ದಿನಗಳ ಗರ್ಭಾವಧಿಯ ಅನಂತರ, ಸಾಮಾನ್ಯವಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ, ಎರಡರಿಂದ ಐದು ಮರಿಗಳು ಹುಟ್ಟುತ್ತವೆ. ಎರಡು ತಿಂಗಳು ದಾಟಿದ ಮೇಲೆ ಅವು ತಾಯಿಯ ಹಿಂದೆ ಆಹಾರಕ್ಕಾಗಿ ಹೊರಡುತ್ತವೆ. ಎಂದರೆ ಆಗಸ್ಟಿನಲ್ಲಿ ತೋಟಕ್ಕೆ ಬರುವುದು ಒಂಟಿ ಪ್ರಾಣಿಯಲ್ಲ. ತಾಯಿಯೂ ಹಸಿದ ಮರಿಗಳೂ ಕೂಡಿದ ಒಂದು ಕುಟುಂಬ. ಒಂದು ರಾತ್ರಿಯಲ್ಲಿ ಹಾಳಾಗುವ ಬೆಳೆ ಅಷ್ಟೊಂದೇಕೆ ಎಂಬುದಕ್ಕೆ ಇದೇ ಉತ್ತರ.

ಮೂರನೆಯದು ಬರಲಿರುವ ಚಳಿಗಾಲ. ಉತ್ತರದ ಶೀತಪ್ರದೇಶಗಳಲ್ಲಿ ರಕೂನು ಹಿಮದ ದಿನಗಳನ್ನು ಗೂಡಿನಲ್ಲಿ ತೂಗಡಿಸುತ್ತ ಕಳೆಯುತ್ತದೆ. ಇದು ದೇಹದ ಉಷ್ಣತೆ ತೀರ ಇಳಿಯುವ ನಿಜವಾದ ಶಿಶಿರನಿದ್ರೆಯಲ್ಲ. ಆ ದಿನಗಳಿಗೆ ಬೇಕಾದ ಕೊಬ್ಬನ್ನು ಬೇಸಗೆಯ ಕೊನೆ ಮತ್ತು ಶರತ್ಕಾಲಗಳಲ್ಲಿಯೇ ಮೈಯಲ್ಲಿ ಕೂಡಿಹಾಕಬೇಕು. ವಸಂತದಲ್ಲಿ ಬಡಕಲಾಗಿ ಹೊರಬಂದ ಪ್ರಾಣಿ ಶರತ್ಕಾಲದ ಹೊತ್ತಿಗೆ ತನ್ನ ತೂಕವನ್ನು ಹೆಚ್ಚುಕಡಮೆ ಇಮ್ಮಡಿ ಮಾಡಿಕೊಳ್ಳುವುದುಂಟು.

ಕಳ್ಳನ ಗುರುತು

ಬೇಲಿ ಕಟ್ಟುವ ಮೊದಲು ಕಳ್ಳನಾರೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಜಿಂಕೆಗೆ ಕಟ್ಟಿದ ಬೇಲಿಯ ಕೆಳಗೆ ರಕೂನು ನುಸುಳೀತು. ರಕೂನಿಗೆ ಕಟ್ಟಿದ ಬೇಲಿಯನ್ನು ಜಿಂಕೆ ನೆಗೆದೀತು. ಹಕ್ಕಿಯಾದರೆ ತೆನೆಯ ತುದಿಯನ್ನು ಮಾತ್ರ ಕುಕ್ಕಿರುತ್ತದೆ, ದಂಟು ನೆಟ್ಟಗೇ ನಿಂತಿರುತ್ತದೆ. ಜಿಂಕೆಯಾದರೆ ಎಲೆ ಮತ್ತು ಕುಡಿಗಳನ್ನು ಹರಿದು ತಿಂದಿರುತ್ತದೆ, ಸೀಳುಗೊರಸಿನ ಗುರುತು ಮಣ್ಣಿನಲ್ಲಿ ಕಾಣುತ್ತದೆ. ರಕೂನಾದರೆ ದಂಟಿನ ಮೇಲೇರಿ ಅದನ್ನು ಮುರಿದು ಕೆಡವಿ, ಮುಸುಕನ್ನು ಸೀಳಿ, ಅರ್ಧ ತಿಂದು ಇನ್ನೊಂದಕ್ಕೆ ಕೈಹಾಕಿರುತ್ತದೆ. ಕರಬೂಜ ಮತ್ತು ಕಲ್ಲಂಗಡಿಗಳಲ್ಲಿ ಅದರ ಕೈಚಳಕ ಇನ್ನೂ ಸ್ಪಷ್ಟ. ಹಣ್ಣಿನ ಪಕ್ಕದಲ್ಲಿ ಒಂದು ಸಣ್ಣ ತೂತು ಕೊರೆದು, ಅದರೊಳಗೆ ಕೈಯಿಟ್ಟು ತಿರುಳನ್ನೆಲ್ಲ ತೋಡಿ ತೆಗೆದಿರುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಇಡಿಯಾಗಿಯೇ ಕಾಣುತ್ತದೆ. ಮೆತ್ತಗಿನ ಮಣ್ಣಿನಲ್ಲಿ ಎಳೆಮಗುವಿನ ಅಂಗೈಯನ್ನು ಹೋಲುವ ಐದು ಬೆರಳುಗಳ ಹೆಜ್ಜೆ ಕಂಡರೆ ಸಂದೇಹ ಉಳಿಯದು.

ಫಲಿಸದ ಉಪಾಯಗಳು

ರಕೂನನ್ನು ಓಡಿಸಲು ಜನರು ಮಾಡದ ಉಪಾಯವಿಲ್ಲ. ರಾತ್ರಿಯೆಲ್ಲ ರೇಡಿಯೊ ಹಚ್ಚಿಡುವುದು, ದೀಪ ಉರಿಸುವುದು, ಬೆದರುಬೊಂಬೆ ನಿಲ್ಲಿಸುವುದು, ಮೆಣಸಿನ ಪುಡಿ ಎರಚುವುದು, ಕ್ಷೌರದಂಗಡಿಯಿಂದ ಕೂದಲು ತಂದು ಚೆಲ್ಲುವುದು ಇವೆಲ್ಲ ಪ್ರಯೋಗಕ್ಕೆ ಬಂದಿವೆ. ಇವುಗಳಿಂದ ಮೊದಲ ಎರಡು ಮೂರು ರಾತ್ರಿ ಗುಣ ಕಂಡರೂ ಅದು ಬಾಳುವುದಿಲ್ಲ. ಕಾರಣ ಸರಳವಾಗಿದೆ. ಹೊಸ ಸದ್ದು, ಹೊಸ ಬೆಳಕು ಮೊದಲು ಭಯ ಹುಟ್ಟಿಸುತ್ತವೆ. ಆ ಸದ್ದಿನ ಹಿಂದೆ ಯಾವ ನೋವೂ ಬಾರದೆಂದು ಅನುಭವದಿಂದ ತಿಳಿದ ಮೇಲೆ ಪ್ರಾಣಿ ಅದನ್ನು ಲೆಕ್ಕಿಸುವುದಿಲ್ಲ. ಪಟ್ಟಣದ ರಕೂನಿಗಂತೂ ದೀಪವೂ ಮನುಷ್ಯರ ಮಾತೂ ಪ್ರತಿದಿನದ ಸಂಗತಿಗಳು. ಮಳೆ ಬಂದರೆ ಮೆಣಸಿನ ಪುಡಿ ತೊಳೆದುಹೋಗುತ್ತದೆ.

ನುಸಿಗುಳಿಗೆಗಳನ್ನು ಸಸಿಗಳ ನಡುವೆ ಹರಡುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಅವು ವಿಷವಸ್ತುಗಳು, ಮಣ್ಣನ್ನೂ ತರಕಾರಿಯನ್ನೂ ಕೆಡಿಸುತ್ತವೆ. ಮಿಠಾಯಿಯೆಂದು ಮಗುವೊಂದು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ.

ಅಮೆರಿಕದ ಮೂಲನಿವಾಸಿಗಳು ಜೋಳ, ಹುರುಳಿಕಾಯಿ, ಕುಂಬಳಗಳನ್ನು ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು; ‘ಮೂವರು ಸೋದರಿಯರು’ ಎಂದು ಈ ಕ್ರಮಕ್ಕೆ ಹೆಸರು. ಕುಂಬಳದ ಬಳ್ಳಿಯ ಸುಂಕಿಗೆ ಹೆದರಿ ರಕೂನು ದೂರವಿರುವುದೆಂದು ಹೇಳುವವರಿದ್ದಾರೆ. ನೆಲದ ತೇವವನ್ನು ಕಾಪಾಡುವುದರಲ್ಲಿ ಈ ಬಳ್ಳಿ ಉಪಕಾರಿಯೇ ಹೌದು. ಆದರೆ ಹಸಿದ ರಕೂನನ್ನು ತಡೆಯುವ ಭಾರವನ್ನು ಅದರ ಮೇಲೆ ಹೊರಿಸುವಂತಿಲ್ಲ.

ಮೊದಲು ಆಹ್ವಾನವನ್ನು ಹಿಂತೆಗೆಯಬೇಕು

ರಕೂನು ಸಾಮಾನ್ಯವಾಗಿ ತೋಟವನ್ನೇ ಹುಡುಕಿಕೊಂಡು ಬರುವುದಿಲ್ಲ. ಕಸದ ತೊಟ್ಟಿಗೋ, ನಾಯಿಬೆಕ್ಕುಗಳಿಗೆಂದು ಹೊರಗಿಟ್ಟ ಅನ್ನಕ್ಕೋ, ಹಕ್ಕಿಗಳಿಗೆ ಚೆಲ್ಲಿದ ಕಾಳಿಗೋ, ಮರದಡಿ ಬಿದ್ದ ಹಣ್ಣಿಗೋ ಬಂದು, ಬಂದ ದಾರಿಯಲ್ಲಿ ತೋಟವನ್ನು ಕಾಣುತ್ತದೆ. ಆದುದರಿಂದ ಕತ್ತಲಾಗುವ ಮುನ್ನ ಇವುಗಳನ್ನೆಲ್ಲ ಒಳಗೆ ತೆಗೆದಿಡುವುದು ಮೊದಲ ಕರ್ತವ್ಯ. ಕಸದ ತೊಟ್ಟಿಯ ಮುಚ್ಚಳವನ್ನು ಹಗ್ಗದಿಂದಲೋ ಕೀಲಿನಿಂದಲೋ ಬಿಗಿಯಬೇಕು. ಗೊಬ್ಬರದ ಗುಂಡಿಗೆ ಮಾಂಸ, ಮೊಟ್ಟೆ, ಅನ್ನ, ಎಣ್ಣೆ ಬೆರೆತ ಪದಾರ್ಥಗಳನ್ನು ಹಾಕದೆ ಎಲೆ, ಹುಲ್ಲು, ತರಕಾರಿಯ ಸಿಪ್ಪೆಗಳನ್ನು ಮಾತ್ರ ಹಾಕಿ, ಮೇಲೆ ಮಣ್ಣು ಮುಚ್ಚಬೇಕು. ಇಷ್ಟರಿಂದಲೇ ತೋಟ ಪೂರ್ತಿಯಾಗಿ ಉಳಿಯುವುದಿಲ್ಲವಾದರೂ, ಇದಿಲ್ಲದೆ ಮಾಡಿದ ಬೇರೆ ಕೆಲಸಗಳ ಫಲ ಅರ್ಧಕ್ಕಿಳಿಯುತ್ತದೆ.

ವಿದ್ಯುತ್ ಬೇಲಿಯ ತತ್ತ್ವ

ಸಾಧಾರಣವಾದ ತಂತಿಬಲೆಯ ಬೇಲಿ ರಕೂನಿಗೆ ಏಣಿಯಂತೆ. ಅದನ್ನೇ ಉಪಯೋಗಿಸಬೇಕಾದರೆ ಮೇಲಿನ ಒಂದು ಒಂದೂವರೆ ಅಡಿಯಷ್ಟು ಬಲೆಯನ್ನು ಗೂಟಕ್ಕೆ ಬಿಗಿಯದೆ ಹೊರಕ್ಕೆ ಜೋತುಬೀಳುವಂತೆ ಬಿಡಬೇಕು. ಹತ್ತಿದ ಪ್ರಾಣಿಯ ಭಾರಕ್ಕೆ ಅದು ಹೊರಗೆ ಬಾಗುವುದರಿಂದ ಪ್ರಾಣಿ ಹಿಂದಕ್ಕೆ ಬೀಳುತ್ತದೆ. ಆದರೆ ಜೋಳದ ಪಾತಿಯನ್ನು ಕಾಯಲು ಬಹುಕಾಲದ ಅನುಭವದಿಂದ ಅತ್ಯುತ್ತಮವೆಂದು ಕಂಡುಬಂದಿರುವುದು ಎರಡೇ ಎಳೆಗಳ ವಿದ್ಯುತ್ ಬೇಲಿ. ಮೊದಲ ಎಳೆ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿಯೂ ಎರಡನೆಯದು 30 ಸೆಂಟಿಮೀಟರ್ ಎತ್ತರದಲ್ಲಿಯೂ ಇದ್ದರೆ ಸಾಕು. ಮೊಣಕಾಲಿಗೂ ಬಾರದ ಈ ಬೇಲಿ, ಮರವನ್ನೇ ಹತ್ತುವ ಪ್ರಾಣಿಯನ್ನು ಹೇಗೆ ತಡೆದೀತು?

ಉತ್ತರ ಪ್ರಾಣಿಯ ಸ್ವಭಾವದಲ್ಲಿದೆ. ರಕೂನು ಅಡ್ಡಿಯನ್ನು ಕಂಡಾಗ ನೆಗೆಯುವುದಿಲ್ಲ. ಹತ್ತಿರ ಬಂದು ಮೂಸುತ್ತದೆ, ಕೈಯಿಂದ ಮುಟ್ಟಿ ನೋಡುತ್ತದೆ. ತಂತಿಯನ್ನು ಮುಟ್ಟುವುದು ಅದರ ಒದ್ದೆ ಮೂಗು, ಇಲ್ಲವೆ ರೋಮವಿಲ್ಲದ ಅಂಗೈ. ವಿದ್ಯುತ್ತು ಸುಲಭವಾಗಿ ಹರಿಯುವ ಅಂಗಗಳೂ ಇವೇ, ನೋವಿನ ಅರಿವು ಹೆಚ್ಚಾಗಿರುವ ಅಂಗಗಳೂ ಇವೇ. ಬೆನ್ನಿನ ದಟ್ಟ ತುಪ್ಪಳಕ್ಕೆ ತಗುಲಿದರೆ ಅಷ್ಟು ಪರಿಣಾಮವಾಗದು. ಯಾವ ಕೈ ಅದನ್ನು ಚತುರ ಕಳ್ಳನನ್ನಾಗಿ ಮಾಡಿತೋ ಅದೇ ಕೈ ಇಲ್ಲಿ ಅದರ ದುರ್ಬಲಸ್ಥಾನವಾಗುತ್ತದೆ. ತಂತಿಗಳು ಮೂಗು ಮತ್ತು ಕೈಗಳ ಮಟ್ಟದಲ್ಲಿರಬೇಕೆಂಬುದರ ಗುಟ್ಟು ಇದು.

ಇನ್ನು ವಿದ್ಯುತ್ತಿನ ವಿಷಯ. ಪ್ರವಾಹ ಹರಿಯಬೇಕಾದರೆ ಅದರ ದಾರಿ ಒಂದು ಸುತ್ತು ಪೂರ್ಣವಾಗಬೇಕು. ಪ್ಲಾಸ್ಟಿಕ್ಕಿನ ಅವಾಹಕಗಳ ಮೇಲೆ ಹಾಯ್ದಿರುವ ತಂತಿಗೆ ನೆಲದ ಸಂಪರ್ಕವಿಲ್ಲ. ಆದುದರಿಂದ ಅದರ ಮೇಲೆ ಕುಳಿತ ಗುಬ್ಬಿಗೆ ಏನೂ ಆಗುವುದಿಲ್ಲ. ನೆಲದ ಮೇಲೆ ನಿಂತ ರಕೂನು ತಂತಿಯನ್ನು ಮುಟ್ಟಿದೊಡನೆ ವಿದ್ಯುತ್ತು ತಂತಿಯಿಂದ ಅದರ ದೇಹಕ್ಕೆ, ದೇಹದಿಂದ ಮಣ್ಣಿಗೆ, ಮಣ್ಣಿನಿಂದ ನೆಲದಲ್ಲಿ ಹೂತ ಲೋಹದ ಸಲಾಕೆಯ ಮೂಲಕ ವಿದ್ಯುತ್ ಪೆಟ್ಟಿಗೆಗೆ ಮರಳಿ ಸುತ್ತು ಮುಗಿಸುತ್ತದೆ. ಮಣ್ಣು ತೀರ ಒಣಗಿದ್ದರೆ ಈ ದಾರಿ ದುರ್ಬಲವಾಗುತ್ತದೆ. ಸಲಾಕೆಯ ಬುಡಕ್ಕೆ ಆಗಾಗ ನೀರು ಹಾಕಬೇಕಾಗುತ್ತದೆ. ಹುಲ್ಲು ಬೆಳೆದು ತಂತಿಗೆ ತಗುಲಿದರೆ ವಿದ್ಯುತ್ತು ಅದರ ಮೂಲಕವೇ ಸೋರಿಹೋಗಿ ಪ್ರಾಣಿಗೆ ಉಳಿಯುವುದು ಅಲ್ಪ. ಆದುದರಿಂದ ತಂತಿಯ ಕೆಳಗಿನ ಹುಲ್ಲನ್ನು ಸವರಿ ಶುಚಿಯಾಗಿಡಬೇಕು.

ಒಂದು ಲೆಕ್ಕ ನೋಡೋಣ. ಜೋಳದ ಪರಾಗವನ್ನು ಸಾಗಿಸುವುದು ಗಾಳಿಯಾದುದರಿಂದ ಒಂದೇ ಉದ್ದ ಸಾಲಿನ ಬದಲು ನಾಲ್ಕು ಗಿಡ್ಡ ಸಾಲುಗಳನ್ನು ಒತ್ತಾಗಿ ಹಾಕುವುದು ಲೇಸು. ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 25 ಸೆಂಟಿಮೀಟರ್ ಬಿಟ್ಟರೆ, 3 ಮೀಟರ್ ಚೌಕದಲ್ಲಿ ಸುಮಾರು 48 ಗಿಡಗಳಾಗುತ್ತವೆ. ಎಲೆಗಳು ತಂತಿಗೆ ತಾಗದಂತೆ ಸುತ್ತಲೂ ಒಂದು ಮೀಟರ್ ಬಿಟ್ಟರೆ ಬೇಲಿಯ ಚೌಕ 5 ಮೀಟರ್, ಸುತ್ತಳತೆ 20 ಮೀಟರ್. ಎರಡು ಎಳೆಗಳಿಗೆ 40 ಮೀಟರ್ ತಂತಿ, ಎರಡೂವರೆ ಮೀಟರಿಗೊಂದರಂತೆ 8 ಗೂಟಗಳು ಸಾಕು. ಗಿಡಗಳನ್ನು ಚೌಕವಾಗಿ ಹಾಕುವುದರಿಂದ ತೆನೆಯೂ ಚೆನ್ನಾಗಿ ಕಾಳುಗಟ್ಟುತ್ತದೆ, ಬೇಲಿಯೂ ಕಿರಿದಾಗುತ್ತದೆ.

ಬೇಲಿಯನ್ನು ತೆನೆ ಹಾಲುಗಟ್ಟುವುದಕ್ಕೆ ಎರಡು ವಾರ ಮುಂಚೆಯೇ ಹಾಕಬೇಕು. ಸಂಜೆಯಿಂದ ಬೆಳಗಿನವರೆಗೆ ವಿದ್ಯುತ್ತು ಹರಿದಿರಲಿ. ಒಂದು ರಾತ್ರಿಯೂ ತಪ್ಪಬಾರದು. ಒಮ್ಮೆ ತೆನೆಯ ರುಚಿ ಕಂಡ ರಕೂನು ಸ್ವಲ್ಪ ನೋವನ್ನು ಸಹಿಸಿಯಾದರೂ ಒಳಗೆ ಬರಲು ಯತ್ನಿಸುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಫಲ?

ಪ್ರಾಣಾಪಾಯದ ಎಚ್ಚರಿಕೆ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಬೇಲಿಗೆ ವಿದ್ಯುತ್ತನ್ನು ಒದಗಿಸುವುದು ಅದಕ್ಕೆಂದೇ ತಯಾರಿಸಿದ ಎನರ್ಜೈಸರ್ ಎಂಬ ಪೆಟ್ಟಿಗೆ. ಅದು ವಿದ್ಯುತ್ತನ್ನು ಎಡೆಬಿಡದೆ ಹರಿಸುವುದಿಲ್ಲ. ಸುಮಾರು ಸೆಕೆಂಡಿಗೊಂದರಂತೆ, ಕಣ್ಣೆವೆ ಮಿಟುಕಿಸುವುದಕ್ಕಿಂತ ಬಹಳ ಕಡಮೆ ಹೊತ್ತಿನ ಒಂದೊಂದು ಮಿಡಿತವನ್ನು ಕಳುಹಿಸುತ್ತದೆ. ಒತ್ತಡ ಸಾವಿರಾರು ವೋಲ್ಟುಗಳಿದ್ದರೂ ಪ್ರತಿಯೊಂದು ಮಿಡಿತದ ಶಕ್ತಿ ಅತ್ಯಲ್ಪ. ಎರಡು ಮಿಡಿತಗಳ ನಡುವೆ ಪ್ರಾಣಿಗೆ ಬಿಡಿಸಿಕೊಂಡು ಹೋಗಲು ಅವಕಾಶವಿರುತ್ತದೆ. ನೋವಾಗುತ್ತದೆ, ಪ್ರಾಣ ಹೋಗುವುದಿಲ್ಲ.

ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಟ್ಟರೆ ಸಂಗತಿಯೇ ಬೇರೆ. ಆ ಪ್ರವಾಹಕ್ಕೆ ಬಿಡುವಿಲ್ಲ. ಅದು ಸ್ನಾಯುಗಳನ್ನು ಸೆಟೆಯಿಸಿ ಹಿಡಿದ ಕೈಯನ್ನು ಬಿಡದಂತೆ ಮಾಡುತ್ತದೆ, ಹೃದಯದ ಬಡಿತವನ್ನು ಕೆಡಿಸಿ ಕೊಲ್ಲುತ್ತದೆ. ನಮ್ಮ ಕರ್ನಾಟಕದಲ್ಲಿಯೇ ಬೆಳೆಯನ್ನು ಕಾಯಲೆಂದು ಹೀಗೆ ನೇರವಾಗಿ ವಿದ್ಯುತ್ತು ಹರಿಸಿದ ತಂತಿಗಳಿಗೆ ಸಿಕ್ಕಿ ಆನೆಗಳೂ ಮನುಷ್ಯರೂ ಸತ್ತ ಪ್ರಸಂಗಗಳು ಅನೇಕ. ಬೆಳಗ್ಗೆ ಹೊಲಕ್ಕೆ ಹೋದ ರೈತನೇ ತಾನು ಕಟ್ಟಿದ ತಂತಿಗೆ ಬಲಿಯಾಗಬಹುದು. ಇದು ಕಾನೂನಿನ ದೃಷ್ಟಿಯಲ್ಲಿ ಅಪರಾಧವೂ ಹೌದು. ಆನೆಗಳನ್ನು ತಡೆಯಲು ಕಾಡಂಚಿನಲ್ಲಿ ಸರಿಯಾಗಿ ಹಾಕಿದ ಸೌರಬೇಲಿಗಳು ಕೆಲಸ ಮಾಡುವುದು ಮೇಲೆ ಹೇಳಿದ ಮಿಡಿತದ ತತ್ತ್ವದಿಂದಲೇ. ಎರಡು ಬೇಲಿಗಳೂ ನೋಡಲು ಒಂದೇ ತೆರನಾಗಿ ಕಂಡರೂ ಒಂದು ಪಾಠ ಕಲಿಸುತ್ತದೆ, ಇನ್ನೊಂದು ಪ್ರಾಣ ತೆಗೆಯುತ್ತದೆ.

ಬೇಲಿಯಿಲ್ಲದೆ ಮಾಡಬಹುದಾದುದು

ನಾಲ್ಕಾರು ಗಿಡಗಳಷ್ಟೇ ಇರುವವರು ಬೇಲಿಯ ಖರ್ಚಿಗೆ ಹೋಗಬೇಕಾಗಿಲ್ಲ. ಜೋಳದ ತೆನೆಯ ಕೂದಲು ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ, ಎಂದರೆ ಪರಾಗಸ್ಪರ್ಶ ಮುಗಿದ ಮೇಲೆ, ತೆನೆಯನ್ನೂ ದಂಟನ್ನೂ ಸೇರಿಸಿ ನಾರು ಬೆರೆತ ಗಟ್ಟಿಯಾದ ಅಂಟುಪಟ್ಟಿಯಿಂದ ಸುತ್ತಿದರೆ ರಕೂನಿಗೆ ಅದನ್ನು ಮುರಿಯುವುದೂ ಸೀಳುವುದೂ ಕಷ್ಟವಾಗುತ್ತದೆ. ಕರಬೂಜದ ಹಣ್ಣುಗಳ ಮೇಲೆ ಗಟ್ಟಿ ತಂತಿಬಲೆಯ ಬುಟ್ಟಿಯನ್ನು ಕವುಚಿ, ಅಂಚನ್ನು ಗೂಟಗಳಿಂದ ನೆಲಕ್ಕೆ ಬಿಗಿಯಬಹುದು. ಬುಟ್ಟಿಯ ಮೇಲೆ ಕಲ್ಲು ಹೇರುವುದನ್ನೇ ನಂಬಿದರೆ ಸಾಲದು.

ಹದವರಿತು ಬೇಗ ಕೊಯ್ಯುವುದೂ ಒಂದು ರಕ್ಷಣೆಯೇ. ಟೊಮೇಟೊ ಹಣ್ಣು ಕೆಂಪಿನ ಮೊದಲ ಛಾಯೆ ತೋರಿದಾಗ ಕಿತ್ತು ಮನೆಯೊಳಗಿಟ್ಟರೂ ಚೆನ್ನಾಗಿ ಹಣ್ಣಾಗುತ್ತದೆ. ಮುಸುಕಿನ ಜೋಳ ಹಾಗಲ್ಲ. ಕೊಯ್ದ ಮೇಲೆ ಅದು ಇನ್ನಷ್ಟು ಸಿಹಿಯಾಗುವುದಿಲ್ಲ. ಆದುದರಿಂದ ಕೂದಲು ಕಂದಾದ ಮೇಲೆ ಪ್ರತಿದಿನವೂ ಒಂದು ತೆನೆಯ ಕಾಳನ್ನು ಉಗುರಿನಿಂದ ಒತ್ತಿ ನೋಡಬೇಕು. ಹಾಲು ಚಿಮ್ಮಿದ ದಿನವೇ ಕೊಯ್ಯುವುದು ಜಾಣತನ. ನಾಳೆಗೆಂದು ಉಳಿಸಿದುದು ರಕೂನಿನ ಪಾಲು.

ಹಿಡಿದು ಬೇರೆಡೆ ಬಿಟ್ಟರೆ?

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟುಬರುವುದು ದಯೆಯ ಕೆಲಸವೆಂದು ಅನೇಕರ ಭಾವನೆ. ಇದನ್ನು ಸ್ವಲ್ಪ ವಿಚಾರ ಮಾಡಬೇಕು. ಬೇಸಗೆಯಲ್ಲಿ ಬೋನಿಗೆ ಬೀಳುವುದು ಅನೇಕ ವೇಳೆ ಮರಿಗಳಿರುವ ತಾಯಿ. ಅದನ್ನು ಒಯ್ದರೆ ಗೂಡಿನಲ್ಲಿ ಉಳಿದ ಮರಿಗಳು ಹಸಿವಿನಿಂದ ಸಾಯುತ್ತವೆ. ಒಯ್ದ ಪ್ರಾಣಿಗೆ ಹೊಸ ಜಾಗದಲ್ಲಿ ಗೂಡೂ ತಿಳಿಯದು, ಆಹಾರದ ನೆಲೆಯೂ ತಿಳಿಯದು. ಇತ್ತ ತೆರವಾದ ಜಾಗಕ್ಕೆ ಮತ್ತೊಂದು ರಕೂನು ಬಂದು ಸೇರುತ್ತದೆ.

ಇದೆಲ್ಲಕ್ಕಿಂತ ಗಂಭೀರವಾದುದು ರೋಗದ ಪ್ರಶ್ನೆ. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗವು ರಕೂನುಗಳಲ್ಲಿಯೂ ಉಂಟು. ಒಂದು ಕಾಲದಲ್ಲಿ ರಕೂನುಗಳ ರೇಬೀಸು ಅಮೆರಿಕದ ಆಗ್ನೇಯ ಭಾಗದ ಫ್ಲಾರಿಡ, ಜಾರ್ಜಿಯ ಮುಂತಾದ ರಾಜ್ಯಗಳಿಗೆ ಸೀಮಿತವಾಗಿತ್ತು. 1970ರ ದಶಕದಲ್ಲಿ ಬೇಟೆಯ ವಿನೋದಕ್ಕಾಗಿ ಅಲ್ಲಿನ ರಕೂನುಗಳನ್ನು ಹಿಡಿದು ಉತ್ತರಕ್ಕೆ, ವರ್ಜೀನಿಯದ ಕಡೆಗೆ, ಸಾಗಿಸಲಾಯಿತು. 1977ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ರೋಗ ಕಾಣಿಸಿಕೊಂಡಿತು. ಅಲ್ಲಿಂದ ಅದು ವರ್ಷವರ್ಷಕ್ಕೂ ಹಬ್ಬುತ್ತ ಪೂರ್ವ ಕರಾವಳಿಯ ರಾಜ್ಯಗಳನ್ನೆಲ್ಲ ವ್ಯಾಪಿಸಿ, 1999ರಲ್ಲಿ ಕೆನಡದ ಒಂಟೇರಿಯೊ ಪ್ರಾಂತವನ್ನೂ ಮುಟ್ಟಿತು. ಅದನ್ನು ತಡೆಯಲು ಲಸಿಕೆ ತುಂಬಿದ ತಿಂಡಿಯ ಉಂಡೆಗಳನ್ನು ವಿಮಾನಗಳಿಂದ ಕಾಡುಗಳ ಮೇಲೆ ಎರಚಬೇಕಾಯಿತು. ಕೆಲವರ ಅವಿಚಾರದ ಸಾಗಾಟಕ್ಕೆ ಎರಡು ದೇಶಗಳು ತೆತ್ತ ಬೆಲೆ ಇದು. ಅನೇಕ ರಾಜ್ಯಗಳಲ್ಲಿ ಕಾಡುಪ್ರಾಣಿಯನ್ನು ಹಿಡಿದು ಬೇರೆಡೆ ಬಿಡುವುದನ್ನು ಕಾನೂನು ನಿಷೇಧಿಸಿರುವುದಕ್ಕೆ ಇಂತಹ ಅನುಭವವೇ ಕಾರಣ.

ಸಾಗಿಸಿದ ರಕೂನಿನ ಕಥೆ ಅಮೆರಿಕದಲ್ಲಿಯೇ ಮುಗಿಯುವುದಿಲ್ಲ. 1934ರಲ್ಲಿ ಜರ್ಮನಿಯ ಎಡರ್ ಸರೋವರದ ಬಳಿ ಬಿಟ್ಟ ಎರಡು ಜೋಡಿಗಳು ಅಲ್ಲಿ ಬೇರೂರಿದುವು. ಮುಂದೆ ಅವುಗಳ ಸಂತತಿ ಆ ದೇಶದಲ್ಲೆಲ್ಲ ಹರಡಿತು. 1977ರಲ್ಲಿ ಮುದ್ದಾದ ರಕೂನಿನ ಮರಿಯೊಂದರ ಚಿತ್ರಮಾಲೆ ಜಪಾನಿನ ದೂರದರ್ಶನದಲ್ಲಿ ಪ್ರಸಾರವಾದಾಗ ಮನೆಮನೆಗೂ ರಕೂನು ಸಾಕುವ ಹುಚ್ಚು ಹಿಡಿಯಿತು. ಮರಿಗಳು ಬೆಳೆದು ಕಚ್ಚತೊಡಗಿದಾಗ ಕಾಡಿಗೆ ಬಿಟ್ಟರು. ಅಲ್ಲಿನ ರೈತರು ಅದರ ಫಲವನ್ನು ಇಂದಿಗೂ ಅನುಭವಿಸುತ್ತಿದ್ದಾರೆ.

ಮಕ್ಕಳ ಆರೋಗ್ಯ

ರಕೂನುಗಳು ಮಲವಿಸರ್ಜನೆಗೆ ಗೊತ್ತಾದ ಸ್ಥಳಗಳನ್ನು ಇಟ್ಟುಕೊಳ್ಳುತ್ತವೆ. ಮರದ ಬುಡ, ಸೌದೆಯ ರಾಶಿ, ಮಾಳಿಗೆಯ ಮೂಲೆ, ಮಕ್ಕಳು ಆಡುವ ಮರಳಿನ ಗುಂಡಿ ಇವು ಅಂತಹ ಸ್ಥಳಗಳು. ಈ ಮಲದಲ್ಲಿ ರಕೂನಿನ ಕರುಳಿನಲ್ಲಿರುವ ಒಂದು ಜಂತುಹುಳುವಿನ ಮೊಟ್ಟೆಗಳಿರಬಹುದು. ಹೊರಬಿದ್ದ ಎರಡರಿಂದ ನಾಲ್ಕು ವಾರಗಳಲ್ಲಿ ಅವು ಸೋಂಕು ಹರಡುವ ಸ್ಥಿತಿಗೆ ಬರುತ್ತವೆ. ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತವೆ. ಮನುಷ್ಯನ ಹೊಟ್ಟೆಗೆ ಹೋದರೆ ಒಡೆದು ಬಂದ ಮರಿಹುಳುಗಳು ಕಣ್ಣಿಗೋ ಮಿದುಳಿಗೋ ಸಾಗಿ ತೀವ್ರವಾದ ಹಾನಿಯನ್ನು ಮಾಡಬಲ್ಲುವು. ಇದು ಅಪರೂಪದ ರೋಗ. ಆದರೆ ಮಣ್ಣನ್ನು ಬಾಯಿಗೆ ಹಾಕಿಕೊಳ್ಳುವ ಎಳೆಯ ಮಕ್ಕಳಿಗೆ ಇದರ ಅಪಾಯ ಹೆಚ್ಚು.

ಆದುದರಿಂದ ತೋಟದಲ್ಲಿ ಇಂತಹ ಮಲ ಕಂಡೊಡನೆ ಕೈಗವಸು ಹಾಕಿಕೊಂಡು ತೆಗೆದುಹಾಕಿ, ಆ ಸ್ಥಳಕ್ಕೆ ಕುದಿಯುವ ನೀರು ಹೊಯ್ಯಬೇಕು. ಬಟ್ಟೆ ಬಿಳುಪು ಮಾಡುವ ದ್ರಾವಣದಿಂದ ಈ ಮೊಟ್ಟೆಗಳು ಸಾಯುವುದಿಲ್ಲ, ಉಷ್ಣವೇ ಮದ್ದು. ಆ ಮಣ್ಣನ್ನು ಗೊಬ್ಬರಕ್ಕೆ ಸೇರಿಸಬಾರದು. ಮಕ್ಕಳ ಮರಳಿನ ಗುಂಡಿಗೆ ಮುಚ್ಚಳವಿರಲಿ. ತೋಟದ ಸೊಪ್ಪುತರಕಾರಿಗಳನ್ನು ಚೆನ್ನಾಗಿ ತೊಳೆದೇ ಬಳಸಬೇಕು. ರಕೂನು ಕಚ್ಚಿದರೆ ಇಲ್ಲವೆ ಪರಚಿದರೆ ಗಾಯವನ್ನು ಸಾಬೂನು ನೀರುಗಳಿಂದ ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಉಪಸಂಹಾರ

ಇದುವರೆಗೆ ಹೇಳಿದುದನ್ನು ಒಟ್ಟುಗೂಡಿಸಿದರೆ ದೊರೆಯುವ ಕ್ರಮ ಹೀಗಿದೆ: ಕಳ್ಳನನ್ನು ಗುರುತಿಸುವುದು, ಅವನನ್ನು ಕರೆಯುವ ಆಹಾರವನ್ನು ಮರೆಮಾಡುವುದು, ರುಚಿ ಹತ್ತುವ ಮುನ್ನವೇ ಮೂಗು ಕೈಗಳ ಮಟ್ಟದಲ್ಲಿ ಬೇಲಿ ಹಾಕುವುದು, ಹದವರಿತು ಕೊಯ್ಯುವುದು, ಪ್ರಾಣಿಯನ್ನು ಅದರ ನೆಲೆಯಿಂದ ಕದಲಿಸದಿರುವುದು. ನಮ್ಮ ನಾಡಿನಲ್ಲಿ ಮುಳ್ಳುಹಂದಿ, ಹೆಗ್ಗಣ, ಮಂಗಗಳ ಕಾಟವಿರುವವರೂ ಇದೇ ಕ್ರಮದಲ್ಲಿ ಆಲೋಚಿಸಬಹುದು. ನೆಲ ಕೆರೆಯುವ ಪ್ರಾಣಿಗೆ ಬೇಲಿಯ ಬುಡ ಮುಖ್ಯ, ನೆಗೆಯುವ ಪ್ರಾಣಿಗೆ ಮೇಲ್ಭಾಗ ಮುಖ್ಯ. ಬೇಲಿಯ ಅಳತೆಯನ್ನು ಅಂಗಡಿಯವನನ್ನು ಕೇಳುವುದಕ್ಕೆ ಮೊದಲು ಪ್ರಾಣಿಯನ್ನು ಕೇಳಬೇಕು.

ರಕೂನು ನಮ್ಮ ವೈರಿಯಲ್ಲ. ಚಳಿಗಾಲಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಡುತ್ತಿರುವ, ಮರಿಗಳನ್ನು ಹೊರೆಯುತ್ತಿರುವ ಒಂದು ಜೀವಿ. ಅದಕ್ಕೆ ಕಾಡಿದೆ, ಹಳ್ಳವಿದೆ, ಏಡಿಯಿದೆ. ನಾಲ್ಕು ಸಾಲು ಜೋಳ ಮಾತ್ರ ನಮ್ಮದೆಂದು ಅದಕ್ಕೆ ತಿಳಿಯಪಡಿಸಲು ನೆಲದಿಂದ ಒಂದಡಿ ಎತ್ತರದ ಎರಡೆಳೆ ತಂತಿ ಸಾಕಾಗುತ್ತದೆ.